ತಾಟಿನೊಳಗಿನ ಹಿಟ್ಟು

ಸಂದೂಕದೊಳಗೆ ಹುಳ ಕೊರೆಯುವ ಸದ್ದು ಜಿನ್ನವ್ವನಿಗೆ ಅಡುಗೆಮನೆಯವರೆಗೂ ಕೇಳುತ್ತಿತ್ತು. ಅತ್ತೆ ಸಾಯುವಾಗ ಅವಳ ಕೈಗಿಟ್ಟು ಹೋದದ್ದು ಅದರೊಳಗಿನ ಹೊತ್ತಿಗೆಯೊಂದೇ, ಚಿತ್ರ ಬರೆದ ಹಳೆಯದು. ಹೊತ್ತಿಗೆಗಳನ್ನು ಹೊರತೆಗೆದು ಪೂಜಿಸುವ ಶ್ರುತಪಂಚಮಿಯ ದಿನ ಬಂಕಾಪುರದ ಬಸದಿಯಲ್ಲಿ ಅದನ್ನು ಓದಬೇಕೆಂದು ಮಾತು ತಗೊಂಡಿದ್ದಳು. ಈಗ ನೋಡಿದರೆ ಹಾಳೆ ಮುಟ್ಟಿದರೆ ಪುಡಿ.

ಏಕೀಕರಣವಾದ ಮರುವರ್ಷದ ಬೇಸಿಗೆ. ಸವಣೂರಿನಿಂದ ಪುಸ್ತಕ ಕಟ್ಟುವ ಬಂದೇಸಾಬ ಬಂದು, ಪಡಸಾಲೆಯಲ್ಲಿ ಕೂತು, ಒಂದು ಹಾಳೆಯನ್ನು ಬೆಳಕಿಗೆ ಹಿಡಿದ.

“ಹುಳಾ ನಿಮಗಿಂತ ಭಕ್ತಿಯಿಂದ ಓದ್ಯಾವ್ರಿ ಅವ್ವಾರ. ಒಂದು ಸಾಲೂ ಬಿಟ್ಟಿಲ್ಲ.”

“ಚಾಷ್ಟಿ ಸಾಕ್ರಿ ಸಾಬರ. ಉಳೀತೈತೋ ಇಲ್ಲೋ?”

“ಅಂಟಿನಾಗ ಮೈಲುತುತ್ತ ಕಲಸಿದ್ರ ಉಳೀತೈತಿ. ಹುಳಾ ಸಾಯ್ತಾವು. ಬ್ಯಾಡ ಅಂದ್ರ, ಈ ಮಳಿಗಾಲ ದಾಟಾಂಗಿಲ್ರಿ.”

ದೀಪಕ್ಕೆ ಹುಳ ಬಿದ್ದೀತೆಂದು ಬೆಳಕಿರುವಾಗಲೇ ಉಂಡೇಳುವ ಹೆಣ್ಣುಮಗಳು ಜಿನ್ನವ್ವ. ಸೆರಗು ಕೊಡವಿ ಒಳಬಾಗಿಲ ಕಡೆ ತಿರುಗಿದಳು.

“ನಾ ಒಳಗ ಹೋಗ್ತೇನಿ. ಏನು ಕಲಸ್ತೀರಿ, ನನಗ ಹೇಳಬ್ಯಾಡ್ರಿ.”

“ಹೇಳೂದಿಲ್ಲ ತಗೋರಿ. ಆದ್ರ ಅಂಟಿಗೆ ಹಿಟ್ಟು ನಿಮ್ಮ ಮನೀದ ಬೇಕಲ್ರಿ!”

ಗೋಧಿಹಿಟ್ಟನ್ನು ತಾಟಿನಲ್ಲಿ ತಂದು ಬಾಗಿ ಇಡುವಾಗ ಬಿಚ್ಚಿಟ್ಟ ಹಾಳೆ ಕಣ್ಣಿಗೆ ಬಿತ್ತು. ಒಬ್ಬ ರಾಜ, ಅವನ ತಾಯಿ. ಜೀವ ಕೊಲ್ಲಲೊಲ್ಲೆ ಎಂದ ಮಗನಿಗೆ, ಹಿಟ್ಟಿನ ಹುಂಜವನ್ನಾದರೂ ಬಲಿಕೊಡು ಎಂದು ತಾಯಿ ತಾಟು ಹಿಡಿದು ನಿಂತಿದ್ದಾಳೆ. ಕತ್ತಿ ತಾಗಿದ್ದೇ ತಡ, ಆ ಹಿಟ್ಟು ಕೂಗಿತಂತೆ. ಕಡಿದದ್ದು ಹಿಟ್ಟಾದರೂ ಮನಸ್ಸು ಕೊಂದಿತ್ತಲ್ಲ. ತಾಯಿ ನಾಯಿಯಾಗಿ, ಮಗ ನವಿಲಾಗಿ ಹುಟ್ಟಿ, ಮತ್ತೆ ಮತ್ತೆ ಸತ್ತರು.

ಮೈಲುತುತ್ತ ಬೆರೆತು ಬಂದೇಸಾಬನ ಅಂಟು ನವಿಲಿನ ಕೊರಳಿನ ಬಣ್ಣಕ್ಕೆ ತಿರುಗಿತು.

ಆಮೇಲೆ ಸಂದೂಕದ ಸದ್ದಡಗಿತು. ಒಂದು ಬೆಳಗಿನ ಜಾವ ಅದರೊಳಗಿಂದ ಹುಂಜ ಕೂಗಿತು. ಜೈನರ ಆ ಓಣಿಯಲ್ಲಿ ಹುಂಜ ಸಾಕಿದವರೇ ಇಲ್ಲ.

ಪಂಚಮಿಯ ದಿನ ಬಸದಿಯಲ್ಲಿ ಹಾಳೆಗಳು ಹರಿಯದೆ ತಿರುಗಿದವು. “ಅತ್ತೀ ಹೆಸರು ಉಳಿಸಿದಿ ನೋಡವಾ,” ಎಂದಳು ನೆರೆಮನೆಯ ಶಾರವ್ವ. “ಓದು, ಹುಂಜದ ಕತಿ ಓದು.”

ಹುಂಜ ಕೂಗುವ ಸಾಲಿಗೆ ಬಂದಾಗ, ಹಾಳೆಯ ಸಂದಿಯಿಂದ ಸತ್ತ ಹುಳಗಳು ರವೆಯ ಹಾಗೆ ಜಿನ್ನವ್ವನ ಮಡಿಲಿಗೆ ಉದುರಿದವು. ದನಿ ನಿಂತುಹೋಯಿತು. ಪಾಪ, ಅತ್ತೆಯ ನೆನಪಾಯಿತು ಎಂದು ಹೆಂಗಸರು ಕಣ್ಣೊರೆಸಿಕೊಂಡರು.

ಅಂದಿನಿಂದ ಊರ ಕೋಟೆಯ ಕಡೆಯಿಂದ ಒಂದು ನವಿಲು ಅವಳ ಹೊಸ್ತಿಲಿಗೆ ಬರುತ್ತದೆ. ಜೋಳ ಚೆಲ್ಲಿದರೆ ಮುಟ್ಟುವುದಿಲ್ಲ. ಅವಳ ಕೈಯನ್ನೇ ನೋಡುತ್ತ ನಿಲ್ಲುತ್ತದೆ.

“ಯಾರಪಾ ನೀ?” ಎಂದು ಮೊದಮೊದಲು ಕೇಳುತ್ತಿದ್ದಳು. ಈಗ ಅದರ ಪಕ್ಕಕ್ಕೇ ಕುಳಿತು ಮೆಲ್ಲಗೆ ಬೇರೆಯದನ್ನು ಕೇಳುತ್ತಾಳೆ:

“ಹಿಂಗ ನವಿಲಾಗಿ ಹುಟ್ಟೂದು ಭಾಳ ತ್ರಾಸೇನು?”