ನೂರನೇ ಮೂಗು

ತೊಂಬತ್ತೊಂಬತ್ತು ಮೂಗುಗಳನ್ನು ನೋಡಿಯಾಗಿತ್ತು. ಇನ್ನೊಂದೇ ಒಂದು ಮೂಗು ಸಿಕ್ಕಿದರೆ ನನ್ನ ಕೆಲಸ ಮುಗಿಯುತ್ತಿತ್ತು.

ನಾನು ಕೆಹಕಶಾನ್, ಮಾಗಡಿಯ ಒಂದು ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್. ಕೋವಿಡ್ ಇದೆಯೋ ಇಲ್ಲವೋ ಎಂದು ಹದಿನೈದೇ ನಿಮಿಷದಲ್ಲಿ ಹೇಳುವ ಹೊಸ ಆಂಟಿಜೆನ್ ಮೆಷೀನು ಬಂದಿತ್ತು. ಅದು ನಿಜ ಹೇಳುತ್ತದೋ ಸುಳ್ಳು ಹೇಳುತ್ತದೋ ನೋಡಬೇಕಾದವಳು ನಾನು. ಒಬ್ಬೊಬ್ಬರ ಮೂಗಿನಿಂದಲೂ ಎರಡು ಕಡ್ಡಿ: ಒಂದು ಮೆಷೀನಿಗೆ, ಇನ್ನೊಂದು ಆರ್‌ಟಿಪಿಸಿಆರ್‌ಗೆಂದು ಬೆಂಗಳೂರಿಗೆ. ಎರಡರ ಮಾತೂ ಒಂದೇ ಆಗಬೇಕು.

ನೂರನೆಯವರಾಗಿ ಬಂದವರು ಸೋಲೂರಿನ ಚನ್ನಲಿಂಗಪ್ಪ ತಾತ. ಎಂಬತ್ತರ ವಯಸ್ಸು, ಸುರಿಯುವ ನೆಗಡಿ, ಜೊತೆಗೆ ಸೊಸೆ ಮೀನಾಕ್ಷಮ್ಮ. ಮನೆಯಲ್ಲಿ ಆರು ದಿನದ ಮರಿಮಗಳು, ಹೆರಿಗೆ ಆಸ್ಪತ್ರೆಯಿಂದ ಬಂದು ಮೂರು ದಿನ. ತಾತ ಇನ್ನೂ ಅದರ ಮುಖ ನೋಡಿಲ್ಲ.

"ನೆಗೆಟಿವ್ ಅಂತ ಚೀಟಿ ಬರೋಗಂಟ ಮಗೀನ ಕೈಗೆ ಕೊಡಾಕಿಲ್ಲ ಕಣಮ್ಮ," ಎಂದರು ಮೀನಾಕ್ಷಮ್ಮ, ಖಡಾಖಂಡಿತವಾಗಿ.

"ಮೂರ್ ದಿನದಿಂದ ಬಾಗ್ಲಾಚೆ ನಿಂತ್ಕಂಡು ಅದ್ರ ಅಳು ಕೇಳ್ತಾ ಇವ್ನಿ ತಾಯಿ," ಎಂದರು ತಾತ. "ಬಿರ್ನೆ ನೋಡ್ಬುಡು."

ಕಡ್ಡಿ ತೆಗೆದು ಮೆಷೀನಿಗೆ ಹಾಕಿದೆ. ಎರರ್. ಇನ್ನೊಂದು ತೆಗೆದು ಹಾಕಿದೆ. ಮತ್ತೆ ಎರರ್! ತೊಂಬತ್ತೊಂಬತ್ತು ಮೂಗಿಗೆ ತಕರಾರು ಮಾಡದ ಈ ಹಾಳು ಮೆಷೀನು ಈ ಒಂದು ಮೂಗಿಗೆ ಕೈಯೆತ್ತಿಬಿಟ್ಟಿತಲ್ಲ! ಅದರ ತಲೆಗೆ ಎರಡು ಬಿಗಿಯೋಣ ಅನ್ನಿಸಿತು. ಅಷ್ಟರಲ್ಲಿ ಕಡ್ಡಿಯ ತುದಿ ಕಣ್ಣಿಗೆ ಬಿತ್ತು. ಕಂದು ಬಣ್ಣ. ತಾತನ ಜೇಬಿನಿಂದ ಪುಟ್ಟದೊಂದು ತಗಡಿನ ಡಬ್ಬಿ ಇಣುಕುತ್ತಿತ್ತು.

"ತಾತಾ! ನಶ್ಯ ಏರಿಸ್ಕೊಂಡ್ ಬಂದಿದ್ದೀರಾ?"

"ಐವತ್ ವರ್ಸದಿಂದ ಏರಿಸ್ತಾ ಇವ್ನಿ. ಇವತ್ತು ನೀನು ಮೂಗ್ ನೋಡ್ತೀಯ ಅಂದ್ರಲ್ಲ, ಕಿಲೀನಾಗಿರ್ಲಿ ಅಂತ ಎಲ್ಡು ಹೊಳ್ಳೆಗೂ ಒಸಿ ಜಾಸ್ತೀನೇ ಏರಿಸ್ದೆ."

ಯಾ ಅಲ್ಲಾ! ಬೈಯಬೇಕೆಂದು ಬಾಯಿ ತೆರೆದರೆ ನಗು ನುಗ್ಗಿ ಬಂತು. ಮೀನಾಕ್ಷಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಬೆಂಚಿನ ಮೇಲೆ ಕುಸಿದರು. ತಾತ ನಗುತ್ತಲೇ ಎಂಟು ಸಲ ಸೀನಿದರು.

ಮೂಗು ತೊಳೆಸಿ, ಒಂದು ಗಂಟೆ ಕೂರಿಸಿದೆ. ಡಬ್ಬಿಗೆ ಕೈ ಹೋದಾಗಲೆಲ್ಲ ಗದರಿದೆ. ಆಮೇಲೆ ಹೊಸದಾಗಿ ಎರಡು ಕಡ್ಡಿ ತೆಗೆದೆ. ಮೆಷೀನು ನೆಗೆಟಿವ್ ಎಂದಿತು. ತಾತ ಎದ್ದೇಬಿಟ್ಟರು.

"ಕೂತ್ಕೊಳ್ಳಿ ತಾತ. ಈ ಮೆಷೀನಿಗೇ ಇನ್ನೂ ಪರೀಕ್ಷೆ ನಡೀತೈತೆ. ಬೆಂಗ್ಳೂರ್ ರಿಪೋರ್ಟೂ ಬರ್ಲಿ."

"ಥೂ ಇದ್ರ! ನನ್ನ ಪರೀಕ್ಸೆ ಮಾಡೋ ಇದೇ ಇನ್ನಾ ಪಾಸಾಗಿಲ್ವಾ?"

ವರದಿಯಲ್ಲಿ ಎರರ್ ಎಷ್ಟು, ಏಕೆ ಎಂದು ಬರೆಯಬೇಕಿತ್ತು. 'ಎರಡು. ನಶ್ಯ' ಎಂದು ಬರೆದೆ.

ಮರುದಿನ ಬೆಂಗಳೂರಿನ ರಿಪೋರ್ಟೂ ಬಂತು. ನೆಗೆಟಿವ್! ಫೋನಿನಲ್ಲಿ ಹೇಳಿದ್ದರೆ ಸಾಕಿತ್ತು, ನನಗೇ ಖುಷಿ ತಡೆಯಲಿಲ್ಲ. ಸ್ಕೂಟರ್ ಹತ್ತಿ ಸೋಲೂರಿಗೇ ಹೋದೆ. ಚೀಟಿ ನೋಡಿದ ತಾತ ಕೈಕಾಲು ತೊಳೆದು, ಒಗೆದ ಪಂಚೆ ಉಟ್ಟು ಬಂದರು. ಹೊಸಿಲು ದಾಟುವ ಮುಂಚೆ ಆ ಡಬ್ಬಿ ತೆಗೆದು ನನ್ನ ಅಂಗೈಯಲ್ಲಿಟ್ಟರು.

"ನಾನು ನೆಗೆಟಿವ್. ಇದು ಪಾಸಿಟಿವ್ ಕಣವ್ವ, ಇನ್ಮ್ಯಾಕೆ ಒಳಿಕ್ ಬರಂಗಿಲ್ಲ."

ಮೀನಾಕ್ಷಮ್ಮ ಮಗುವನ್ನು ತಂದು ಅವರ ಕೈಗೆ ಕೊಟ್ಟರು.