ಆಮೆಯೂ ಸೇರಿದೆ

"ಕುಣಿಯೇ ಮುಂಡೆ! ಸೊಂಟ ಬಿದ್ದುಹೋಗಿದೆಯಾ? ಹೆಣ ನಿಲ್ಲಿಸಿದ ಹಾಗೆ ನಿಂತಿದೀಯಲ್ಲ!"

ಇಷ್ಟನ್ನೂ ಅವನು ನಗುತ್ತಲೇ ಹೇಳಿದ. ಈಜುಕೊಳದ ಸುತ್ತ ಒರಗುಕುರ್ಚಿಗಳಲ್ಲಿ ಮಲಗಿದ್ದ ಅತಿಥಿಗಳಿಗೆ, ಮಕ್ಕಳ ಆಟದ ಮೇಲ್ವಿಚಾರಕ ರೆಸಾರ್ಟಿನ ಆಮೆಗೆ ಮುತ್ತು ಕೊಡುತ್ತಿರುವಂತೆ ಕಂಡಿರಬೇಕು. ಆಮೆಯ ನಗುವ ಬಾಯಿಯಲ್ಲಿ ಒಂದು ಕಪ್ಪು ಬಲೆ ಇದೆ. ಅದಕ್ಕೆ ತುಟಿ ತಾಗಿಸಿ ಬೈಯುವುದು ಅವನ ಕ್ರಮ. ಹೊರಗಿನವರಿಗೆ ಹಲ್ಲು, ಒಳಗಿದ್ದವರಿಗೆ ಬೈಗುಳ. ಕೆಲಸದವರೆಲ್ಲ ಅವನನ್ನು ಹಲ್ಲುಗಿಂಜಪ್ಪ ಎನ್ನುತ್ತಿದ್ದೆವು, ಅವನಿಗೆ ಕೇಳಿಸದ ಹಾಗೆ.

ಆಮೆಯ ಒಳಗೆ ಇದ್ದವಳು ನನ್ನ ಅಮ್ಮ.

ಅಮ್ಮ ಕುಣಿದಳು. ಚಿಪ್ಪು ಅತ್ತಿತ್ತ ತೂಗಾಡಿತು. ಮಕ್ಕಳು ಕೇಕೆ ಹಾಕಿದವು. ನಾನು ಅವಳ ಕೈ ಹಿಡಿದು ನಿಂತಿದ್ದೆ. ಅದೇ ನನ್ನ ಕೆಲಸ. ಬಲೆಯಿಂದ ಅವಳಿಗೆ ಕಾಣುವುದು ತನ್ನ ಕಾಲ ಮುಂದಿನ ಒಂದಿಷ್ಟು ನೆಲ ಮಾತ್ರ. ಮೆಟ್ಟಿಲು ಎಲ್ಲಿ, ನೀರು ಎಲ್ಲಿ, ಯಾವ ಮಗು ಕಾಲಿಗೆ ಅಡ್ಡ ಬಂತು, ಎಲ್ಲವನ್ನೂ ಕೈ ಹಿಡಿದವಳೇ ನೋಡಿಕೊಳ್ಳಬೇಕು. ಆಮೆ ಮಾತಾಡುವಂತಿಲ್ಲ. ಮಕ್ಕಳ ಎದುರು ತಲೆ ತೆಗೆಯುವಂತಿಲ್ಲ, ಏನೇ ಆದರೂ. ನಮ್ಮಂಥವರ ಕೈ ಕೊಳದ ನೀರಿಗೆ ತಾಗುವಂತಿಲ್ಲ. ತಲೆಯ ಕೊಂಡಿಗಳಿರುವುದು ಕತ್ತಿನ ಹಿಂದೆ, ಜಿಪ್ಪು ಚಿಪ್ಪಿನ ಅಡಿಗೆ. ಒಳಗಿದ್ದವರಿಗೆ ಎರಡೂ ಎಟುಕುವುದಿಲ್ಲ. ಕೈಗವಸುಗಳಂತೂ ದಿಂಬಿನಷ್ಟು ದಪ್ಪ.

ಆದ್ದರಿಂದ ಅಮ್ಮ ಮೊದಲ ದಿನವೇ ಒಂದು ಗುರುತು ಹೇಳಿಕೊಟ್ಟಿದ್ದಳು. "ಇನ್ನು ನನ್ನ ಕೈಲಿ ಆಗಲ್ಲ ಅನ್ನಿಸಿದ್ರೆ ನಿನ್ನ ಕೈ ಗಟ್ಟಿಯಾಗಿ ಹಿಸುಕ್ತೀನಿ. ಆಗ ಹಿಂದೆಮುಂದೆ ನೋಡದೆ ಎಳ್ಕೊಂಡು ಹೋಗು."

ಈವರೆಗೆ ಅವಳು ಒಮ್ಮೆಯೂ ಹಿಸುಕಿರಲಿಲ್ಲ.

ಅತಿಥಿಗಳು ಊಟಕ್ಕೆ ಹೋದಾಗ ಅವಳನ್ನು ಬಟ್ಟೆ ಒಗೆಯುವ ಯಂತ್ರಗಳ ಹಿಂದಿನ ಕೋಣೆಗೆ ಕರೆದುಕೊಂಡು ಬಂದೆ. ಆಮೆಯ ತಲೆ ಎತ್ತಿ ತೆಗೆದ ಕೂಡಲೇ ಒಳಗಿನಿಂದ ಹಬೆ ನುಗ್ಗಿತು. ಹಳೆಯ ಬೆವರಿನ, ಒದ್ದೆ ಸ್ಪಂಜಿನ ವಾಸನೆ. ಅಮ್ಮನ ಮುಖ ಬೆಂದು ಊದಿಕೊಂಡಂತಿತ್ತು. ಹಲ್ಲು ಕಟಕಟ ಅನ್ನುತ್ತಿದ್ದವು. ಹಣೆ ಮುಟ್ಟಿದೆ.

"ಅಮ್ಮಾ, ಜ್ವರ ಸುಡ್ತಾ ಇದೆ."

"ಒಲೆ ಒಳಗೆ ಕೂತವಳ ಮೈ ಮತ್ತೆ ತಣ್ಣಗಿರುತ್ತಾ? ಜಿಪ್ಪು ಬಿಚ್ಚಿ ಬೆನ್ನು ಒರೆಸು."

ನೀರು ಕೊಟ್ಟೆ. ತುಟಿ ಒದ್ದೆ ಮಾಡಿಕೊಂಡು ಲೋಟ ವಾಪಸು ಕೊಟ್ಟಳು.

"ಪೂರ್ತಿ ಕುಡಿಯಮ್ಮ."

"ಕುಡಿದು ಎಲ್ಲಿಗೆ ಹೋಗ್ಲಿ? ಆಮೆಗೆ ಉಚ್ಚೆ ಹುಯ್ಯೋಕೆ ರಜಾ ಕೊಡ್ತಾರಾ?" ಎಂದು ನಕ್ಕಳು. ನಗು ಕೆಮ್ಮಾಯಿತು. "ನಿನ್ನ ಮುಖ ಯಾಕೆ ಹಾಗಾಯ್ತು? ನಿನ್ನನ್ನ ಹೊತ್ತಿದ್ದಕ್ಕಿಂತ ಈ ಚಿಪ್ಪು ವಾಸಿ ಕಣೇ. ಇದು ಒದೆಯಲ್ಲ."

ಅಮ್ಮ ಮೊದಲು ಅಡುಗೆಮನೆಯ ಹಿಂದೆ ಪಾತ್ರೆ ತಿಕ್ಕುತ್ತಿದ್ದಳು. ಆಮೆಯಾಗಿದ್ದವನು ಒಂದು ದಿನ ಹೇಳದೆ ಕೇಳದೆ ಓಡಿಹೋದ. ವೇಷ ಗಿಡ್ಡ, ಅಮ್ಮನೂ ಗಿಡ್ಡ. ಅವಳ ಅಳತೆಗೆ ಹೊಲಿಸಿದ ಹಾಗೇ ಕೂತಿತು. "ಕುಳ್ಳಿಯಾಗಿ ಹುಟ್ಟಿದ್ದಕ್ಕೂ ಒಂದು ಉಪಯೋಗ ಆಯ್ತು ನೋಡು" ಎಂದಿದ್ದಳು ಆವತ್ತು.

ಹಲ್ಲುಗಿಂಜಪ್ಪ ಬಾಗಿಲು ತಟ್ಟದೆ ಒಳಗೆ ಬಂದ. ಅಮ್ಮ ಕುಪ್ಪಸದ ಮೇಲೆ ಟವೆಲ್ಲು ಎಳೆದುಕೊಂಡಳು. ಅವನು ಅದನ್ನು ನೋಡಲೂ ಇಲ್ಲ, ಅವಳನ್ನೂ ನೋಡಲಿಲ್ಲ. ಇಲ್ಲಿ ಅವನು ನಗುತ್ತಿರಲಿಲ್ಲ.

"ಏಳು, ಬರ್ತ್‌ಡೇ ಪಾರ್ಟಿ ಇದೆ. ದೊಡ್ಡ ಜನ. ಮಗು ಆಮೆ ಆಮೆ ಅಂತ ಒಂದೇ ಹಟ."

ನನ್ನ ಮಾತು ಯಾವತ್ತೂ ಗಂಟಲಲ್ಲೇ ಅರ್ಧ ಉಳಿಯುತ್ತದೆ. ಆದರೂ ಹೇಳಿದೆ. "ಸಾರ್, ಅಮ್ಮನಿಗೆ ಜ್ವರ. ನಾನು ಹಾಕ್ಕೊಳ್ತೀನಿ."

"ನೀನಾ? ಬಿದಿರಿನ ಗಳ ಇದ್ದ ಹಾಗೆ ಇದೀಯ. ಮೊಣಕಾಲಿನವರೆಗೂ ಹೊರಗೆ ಕಾಣುತ್ತೆ. ಆಮೆಗೆ ಮನುಷ್ಯರ ಕಾಲು ನೋಡಿ ಮಗು ಅತ್ತರೆ ನಿಮ್ಮಪ್ಪ ಬಂದು ಸಮಾಧಾನ ಮಾಡ್ತಾನಾ?"

"ಡಾಕ್ಟರ್ ಇದಾರಲ್ಲ ಸಾರ್, ಒಂದು ಸಲ ತೋರಿಸಿ..."

"ಆ ಡಾಕ್ಟರು ಅತಿಥಿಗಳಿಗೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು ನನಗೆ ದಾರಿ ತೋರಿಸ್ತೀಯಾ? ಆಗಲ್ಲ ಅಂದ್ರೆ ಬಾಯಿಬಿಟ್ಟು ಹೇಳಿ. ಸಂಜೆಯೊಳಗೆ ಕೋಣೆ ಖಾಲಿ ಮಾಡಿ, ಆ ಮುದುಕಿನೂ ಎತ್ಕೊಂಡು ನಡೀರಿ. ಗೇಟಿನ ಹೊರಗೆ ಕುಳ್ಳಿಯರು ಬೇಕಾದಷ್ಟು ಜನ ನಿಂತಿದಾರೆ."

ಜನರೇಟರ್ ಹಿಂದೆ ನಮಗೆ ಇರಲು ಕೊಟ್ಟಿದ್ದ ಆ ಕೋಣೆಯಲ್ಲಿ ಕಾಲು ಸ್ವಾಧೀನ ತಪ್ಪಿದ ಅಜ್ಜಿ ಮಲಗಿದ್ದಳು.

ಅಮ್ಮ ಗೋಡೆ ಹಿಡಿದು ಎದ್ದಳು. "ತಲೆ ಹಾಕೇ" ಎಂದಳು.

ಜಿಪ್ಪು ಎಳೆದು ನಾನೇ ಹಾಕಿದೆ. ಕೊಂಡಿಗಳನ್ನು ನನ್ನ ಕೈಯಾರೆ ಬಿಗಿದೆ.

ಕೊಳದ ಅಂಚಿನ ಕಲ್ಲುಗಳು ಕಾದ ಕಾವಲಿಯಂತಿದ್ದವು. ಮಕ್ಕಳು ಪ್ಲಾಸ್ಟಿಕ್ ಸಲಿಕೆಗಳಿಂದ ಚಿಪ್ಪನ್ನು ಬಡಿಯುತ್ತ ಕುಣಿಯುತ್ತಿದ್ದರು. ಕತ್ತಿನ ಸಂದಿಯಲ್ಲಿ ಒಬ್ಬ ಮರಳು ಸುರಿದ. "ಮೆಲ್ಲಗೆ ಪುಟ್ಟಾ, ಆಮೆಗೆ ನೋವಾಗುತ್ತೆ" ಎಂದು ಅವನ ತಾಯಿ ಪ್ರೀತಿಯಿಂದಲೇ ಹೇಳಿದಳು. ಹುಟ್ಟುಹಬ್ಬದ ಮಗು ಬೆನ್ನೇರಬೇಕೆಂದು ಹಟ ಹಿಡಿಯಿತು.

"ಮೇಡಂ, ಆಮೆಗೆ ತುಂಬಾ ಸುಸ್ತಾಗಿದೆ" ಎಂದೆ.

"ಅಯ್ಯೋ, ಆಮೆಗೂ ಸುಸ್ತಾ!" ಮಗುವಿನ ಅಮ್ಮ ನಕ್ಕಳು. ಅಪ್ಪ, ದುಡ್ಡು ಕಟ್ಟಿದ ಅತಿಥಿಗಳಿಗೆ ರೆಸಾರ್ಟಿನವರು ಮಣಿಕಟ್ಟಿಗೆ ಕಟ್ಟುವ ನೀಲಿ ಪಟ್ಟಿಯನ್ನು ನನ್ನ ಮುಖದ ಮುಂದೆ ತಿರುವಿದ. "ನಾವು ಎಲ್ಲಾ ಸೇರಿಸಿ ದುಡ್ಡು ಕೊಟ್ಟಿದೀವಿ ಕಣಮ್ಮ. ಊಟ, ಕುಡಿಯೋದು, ಆಟ. ಆಮೆನೂ ಅದರಲ್ಲೇ ಸೇರಿದೆ ತಾನೇ?"

"ಸೇರಿದೆ ಸಾರ್, ಸೇರಿದೆ! ಆಮೆನೂ ಸೇರಿದೆ!" ಹಲ್ಲುಗಿಂಜಪ್ಪ ಮಗುವನ್ನು ತಾನೇ ಎತ್ತಿ ಚಿಪ್ಪಿನ ಮೇಲೆ ಕೂರಿಸಿದ.

ಆಗ ಅಮ್ಮ ನನ್ನ ಕೈ ಹಿಸುಕಿದಳು.

ದಿಂಬಿನಂಥ ಆ ಕೈಗವಸಿನೊಳಗಿಂದ ಮೆಲ್ಲಗೆ. ಮೊದಲು ನಂಬಲಿಲ್ಲ. ಮತ್ತೆ ಹಿಸುಕಿದಳು. ನಾನು ಹಿಂಬದಿಯ ಬಾಗಿಲಿನ ಕಡೆ ಎಳೆದೆ. ಹಲ್ಲುಗಿಂಜಪ್ಪ ಅಡ್ಡ ನಿಂತ. "ಕೇಕ್ ಕತ್ತರಿಸೋವರೆಗೂ ಒಂದು ಹೆಜ್ಜೆ ಕದಲಿದ್ರೆ ನೋಡು."

ಪಕ್ಕದಲ್ಲೇ ಪಾನೀಯದ ಕಟ್ಟೆ. ಅಲ್ಲಿದ್ದವನು ನಮ್ಮ ಸಾಲಿನ ಕೋಣೆಯವನೇ.

"ಅಣ್ಣಾ, ಒಂದು ಲೋಟ ನೀರು, ಒಂದು ಸ್ಟ್ರಾ. ಬಲೆಯೊಳಗೆ ತೂರಿಸ್ತೀನಿ."

ಅವನು ನನ್ನ ಬರಿಯ ಮಣಿಕಟ್ಟು ನೋಡಿದ. ಆಮೇಲೆ ತಲೆಯ ಮೇಲಿನ ಕ್ಯಾಮೆರಾ ನೋಡಿದ. "ಪಟ್ಟಿ ಇಲ್ದೆ ಕೊಟ್ರೆ ನನ್ನ ಹೊಟ್ಟೆ ಮೇಲೆ ಹೊಡೀತಾರೆ ತಂಗಿ. ಹಿಂದೆ ಡ್ರಮ್ಮಲ್ಲಿದೆ, ಓಡಿಹೋಗಿ ತಗೊಂಬಾ." ಕಣ್ಣು ತಗ್ಗಿಸಿ ನಿಂಬೆಹಣ್ಣು ಹೆಚ್ಚತೊಡಗಿದ.

ಹಿಂದಕ್ಕೆ ಓಡಬೇಕಾದರೆ ಅವಳ ಕೈ ಬಿಡಬೇಕಿತ್ತು.

ಮಗು ಬೆನ್ನಿನಿಂದ ಜಿಗಿಯಿತು. ಆ ರಭಸಕ್ಕೆ ಅಮ್ಮ ವಾಲಿದಳು. ನನ್ನ ಹಿಡಿತ ಜಾರಿತು. ಅವಳು ಅಂಗಾತ ಬಿದ್ದಳು.

ಎಲ್ಲರೂ ನಕ್ಕರು.

ಬೆನ್ನಡಿಯಾದ ಆಮೆ! ನಾಲ್ಕು ಹಸಿರು ಕೈಕಾಲುಗಳು ಗಾಳಿಯಲ್ಲಿ ಒದ್ದಾಡಿದವು. ಮಕ್ಕಳು ನೆಲಕ್ಕೆ ಬಿದ್ದು ಅದರ ಹಾಗೇ ಕೈಕಾಲು ಬಡಿದರು. ಫೋನುಗಳು ಮೇಲೆದ್ದವು. "ಎಷ್ಟು ಚೆನ್ನಾಗಿ ಮಾಡ್ತಾನೆ ನೋಡು!" ಎಂದರು ಯಾರೋ. ಚಪ್ಪಾಳೆ ಬಿತ್ತು.

ಕೈಕಾಲುಗಳು ನಿಧಾನವಾದವು. ಆಮೇಲೆ ನಿಂತವು. ಚಪ್ಪಾಳೆ ನಿಲ್ಲಲಿಲ್ಲ.

ಹಲ್ಲುಗಿಂಜಪ್ಪನಿಗೆ ಅರ್ಥವಾಯಿತು. ಹಲ್ಲು ಮಾತ್ರ ಹಾಗೇ ಇತ್ತು. "ಕಾಲು ಹಿಡಿ. ನಾನೂ ಹಿಡೀತೀನಿ. ಹಿಂದಕ್ಕೆ ಎಳ್ಕೊಂಡು ಹೋಗೋಣ. ಆಟದ ಹಾಗೇ ಕಾಣಬೇಕು. ತಲೆ ಮುಟ್ಟಿದೀಯೋ, ಚರ್ಮ ಸುಲಿದುಬಿಡ್ತೀನಿ. ಮಕ್ಕಳಿದಾರೆ."

ಚಿಪ್ಪು ಎತ್ತರ. ತಲೆ ಅದರ ಅಂಚಿನಿಂದ ಜೋತುಬಿದ್ದಿತ್ತು. ನಾನು ಮಂಡಿಯೂರಿ ಕತ್ತಿನ ಹಿಂದೆ ಕೈ ತೂರಿಸಿದೆ. ಅವನು ನನ್ನ ಜಡೆ ಹಿಡಿದು ಎಳೆದ. ಕೂದಲು ಕಿತ್ತು ಬಂದದ್ದು ತಿಳಿಯಿತು. ಒಂದು ಕೊಂಡಿ ಬಿಚ್ಚಿತು. ಇನ್ನೊಂದು. ತಲೆ ಎಳೆದು ತೆಗೆದೆ.

ಒಳಗೊಂದು ಹೆಂಗಸಿನ ಮುಖ. ಕಡುಗೆಂಪು. ನರೆತ ಕೂದಲು ಹಣೆಗೆ ಅಂಟಿತ್ತು. ಕಣ್ಣು ಅರ್ಧ ತೆರೆದು ಬಿಳಿ ಕಾಣುತ್ತಿತ್ತು. ಬಾಯಂಚಿನಲ್ಲಿ ಮರಳು.

ಮಗುವೊಂದು ಕಿರುಚಿತು. ಆಮೇಲೆ ಎಲ್ಲ ಮಕ್ಕಳೂ ಕಿರುಚಿದವು. ತಾಯಂದಿರು ಓಡಿಬಂದು ಅವುಗಳ ಕಣ್ಣು ಮುಚ್ಚಿದರು. "ಛೀ, ಇದೆಲ್ಲ ಮಕ್ಕಳ ಮುಂದೆಯಾ!" ಎಂದ ನೀಲಿ ಪಟ್ಟಿಯವನು.

ಆಮೆಯ ತಲೆಯನ್ನು ತಿರುವಿ ಹಾಕಿ ಕೊಳಕ್ಕೆ ಅದ್ದಿದೆ. ತುಂಬಿದ ನೀರು ಅದರ ನಗುವ ಬಾಯಿಂದ ಸೋರುತ್ತಿತ್ತು. ಉಳಿದಷ್ಟನ್ನು ಅಮ್ಮನ ಮುಖಕ್ಕೆ, ಕತ್ತಿಗೆ, ಎದೆಗೆ ಸುರಿದೆ. ಮತ್ತೆ ಅದ್ದಿದೆ. ಹಲ್ಲುಗಿಂಜಪ್ಪ ಒಂದು ದೊಡ್ಡ ಟವೆಲ್ಲು ತಂದು ಅವಳ ಮುಖಕ್ಕೆ ಮುಚ್ಚಲು ಬಂದ. ಅದನ್ನು ಕಿತ್ತು ನೀರಿಗೆ ಎಸೆದೆ.

"ಕಣ್ಣು ಮುಚ್ಚಬೇಡಿ!" ಅಷ್ಟು ದೊಡ್ಡ ದನಿ ನನ್ನದೆಂದು ನನಗೇ ಗೊತ್ತಿರಲಿಲ್ಲ. "ಯಾಕೆ ಮುಚ್ತೀರಿ? ನೋಡಿ! ಎಲ್ಲಾ ಸೇರಿಸಿ ಕೊಟ್ಟಿದೀರಲ್ಲ, ಇವಳೂ ಸೇರಿದಾಳೆ. ನೋಡಿ! ಡಾಕ್ಟರನ್ನ ಕರೀರೋ ಬೋಳಿಮಕ್ಕಳಾ!"

ಯಾರೂ ಕದಲಲಿಲ್ಲ. ಕಟ್ಟೆಯವನ ಕೈಯಲ್ಲಿ ಚಾಕು ಹಾಗೇ ನಿಂತಿತ್ತು. ಗೇಟಿನ ಕಡೆಯಿಂದ ಕಾವಲಿನವರ ಬೂಟುಗಳು ಓಡಿಬರುವುದು ಕೇಳಿಸಿತು.

ಒಂದು ಕೈಯಲ್ಲಿ ಅಮ್ಮನ ಕೈಗವಸು ಹಿಡಿದುಕೊಂಡೆ. ಅದು ಹಿಸುಕಲಿಲ್ಲ. ಇನ್ನೊಂದು ಕೈಯಿಂದ ಆ ತಲೆಯನ್ನು ಮತ್ತೆ ಕೊಳದೊಳಗೆ ಮುಳುಗಿಸಿದೆ.