ಏಳು ಕೈ ಎದ್ದರೆ ಸಾಕು

ಓಹಾಯೋದ ಆ ಪುಟ್ಟ ಕೌಂಟಿಯಲ್ಲಿ ಗ್ರ್ಯಾಂಡ್ ಜ್ಯೂರಿ ಎಂದರೆ ಊರಿನ ಒಂಬತ್ತು ಸಾಮಾನ್ಯ ಜನ, ಕಿಟಕಿಯಿಲ್ಲದ ಒಂದು ಕೋಣೆ, ಒಂದು ಪೆಟ್ಟಿಗೆ ಡೋನಟ್. ನ್ಯಾಯಾಧೀಶರಿಲ್ಲ, ಆರೋಪಿಯಿಲ್ಲ. ಆರೋಪಿಯ ವಕೀಲನಂತೂ ಬಾಗಿಲ ಬಳಿ ಸುಳಿಯುವಂತೆಯೂ ಇಲ್ಲ. ಸರ್ಕಾರಿ ವಕೀಲ ಬ್ರೆಂಟ್ ಓಡೆಲ್ ಬಂದು ಕಥೆ ಹೇಳುತ್ತಾನೆ, ಪೊಲೀಸಿನವನೊಬ್ಬ ಹೂಂಗುಟ್ಟುತ್ತಾನೆ, ಆಮೇಲೆ ಇಬ್ಬರೂ ಹೊರಗೆ ಹೋಗಿ ನಿಲ್ಲುತ್ತಾರೆ. ಏಳು ಕೈ ಮೇಲೆದ್ದರೆ ಮೊಕದ್ದಮೆಗೆ ಅಪ್ಪಣೆ ಸಿಕ್ಕಿದಂತೆ. ಬಲಗೈಯಲ್ಲಿ ಡೋನಟ್ ಇದ್ದವರು ಎಡಗೈ ಎತ್ತಬಹುದು, ಕಾನೂನು ಅಷ್ಟು ಉದಾರಿ.

ಮೂವತ್ತೊಂದು ವರ್ಷ ಶಾಲಾ ಬಸ್ಸು ಓಡಿಸಿ ನಿವೃತ್ತಳಾದ ವೆಲ್ಮಾ ಹಾಸ್ಲರ್ ಎರಡು ತಿಂಗಳಲ್ಲಿ ನೂರಾ ಎಂಬತ್ತಾರು ಸಲ ಕೈ ಎತ್ತಿದ್ದಳು. ಊರಿಗೆ ಉಪಕಾರ ಮಾಡುತ್ತಿದ್ದೇನೆ ಎಂಬ ಹೆಮ್ಮೆ ಬೇರೆ. ಪಾಪ, ಹೆಮ್ಮೆಪಡಲಿ ಬಿಡಿ.

ಕೊನೆಯ ವಾರ ಬಂದದ್ದು ಡೆಲ್ಫಿನ್ ರೋರ್ಕ್ ಎಂಬವಳ ಕೇಸು. ಮನೆಮನೆಗೆ ಹೋಗಿ ಮುದುಕರ ಆರೈಕೆ ಮಾಡುವ ಹುಡುಗಿ. ಹಾಸಿಗೆ ಹಿಡಿದವನೊಬ್ಬನಿಗೆ ವೈದ್ಯರು ಬರೆದದ್ದು ಅರವತ್ತು ನೋವಿನ ಮಾತ್ರೆ, ಅವಳು ಔಷಧಿ ಅಂಗಡಿಯಿಂದ ತಂದಿಟ್ಟ ಶೀಶೆಯಲ್ಲಿ ಇದ್ದದ್ದು ಮೂವತ್ತು. ಉಳಿದದ್ದನ್ನು ಕದ್ದಳೆಂದು ಆರೋಪ. ಏಳು ಕೈ ಎದ್ದರೆ ಹೆಸರು ಪತ್ರಿಕೆಗೆ ಬರುತ್ತದೆ. ಆಮೇಲೆ ಯಾವ ಮನೆಯವರು ಅವಳನ್ನು ಒಳಗೆ ಬಿಟ್ಟಾರು?

ವೆಲ್ಮಾ ಮೊದಲ ಸಲ ಬಾಯಿ ತೆರೆದಳು. “ನಮ್ಮಮ್ಮಂಗೂ ಇದೇ ಮಾತ್ರೆ ಇತ್ತು. ಅಂಗಡೀಲಿ ಸಾಲದೆ ಬಂದ್ರೆ ಅರ್ಧ ಕೊಟ್ಟು, ಮಿಕ್ಕಿದ್ದಕ್ಕೆ ಆಮೇಲೆ ಬನ್ನಿ ಅಂತಿದ್ರು. ಅಂಗಡಿಯವರನ್ನ ಕೇಳಿದ್ರಾ?”

ಪೊಲೀಸಿನವನು ಕಾಗದ ತಿರುವಿ ಹಾಕಿದ. “ಇಲ್ಲ ಮೇಡಂ.”

“ಅದೆಲ್ಲಾ ಮುಂದೆ ವಿಚಾರಣೇಲಿ ಬರುತ್ತೆ, ವೆಲ್ಮಾ ಮೇಡಂ,” ಎಂದು ಓಡೆಲ್ ನಕ್ಕ. “ನೀವು ತಲೆ ಕೆಡಿಸ್ಕೋಬೇಡಿ.”

ಅವರಿಬ್ಬರೂ ಹೊರಗೆ ಹೋದದ್ದೇ ತಡ, ಟೈರ್ ಅಂಗಡಿಯ ಗಾರ್ಡನ್ ರೇಗಿದ. “ಅಯ್ಯೋ ತಾಯಿ, ನೂರೆಂಬತ್ತಾರು ಆದ್ಮೇಲೆ ಈಗ್ಯಾಕೆ ನಿಂಗೆ ಜ್ಞಾನೋದಯ? ಊಟದ ಹೊತ್ತಾಯ್ತು!”

“ಊಟ ಎಲ್ಲೂ ಓಡಿಹೋಗಲ್ಲ. ಆ ಹುಡುಗಿ ಮಾನ ಹೋದ್ರೆ ನೀನು ತಂದ್ಕೊಡ್ತೀಯಾ?”

ಅರ್ಧ ಗಂಟೆ ಜಗ್ಗಾಟ ನಡೆಯಿತು. ಕೊನೆಗೆ ವೆಲ್ಮಾಳ ಕಡೆ ಒಬ್ಬ ಮುದುಕಿ ಸೇರಿದಳು. ಇನ್ನೂ ಒಬ್ಬರು ಬೇಕು. ಗಾರ್ಡನ್ನನಿಗೆ ಇದ್ದಕ್ಕಿದ್ದಂತೆ ಏನೋ ನೆನಪಾಯಿತು. “ಹೌದಲ್ಲ, ಆ ಅಂಗಡಿಯವನು ನಮ್ಮತ್ತೆ ಮಾತ್ರೆಗೆ ನನ್ನನ್ನ ಹಿಮದಲ್ಲಿ ಎರಡು ಸಲ ಅಲೆಸಿದ್ದ, ದರಿದ್ರದವನು!” ಅವನು ಕೈ ಎತ್ತಲಿಲ್ಲ. ಎದ್ದದ್ದು ಆರೇ ಕೈ. ನ್ಯಾಯ ಗೆದ್ದಿತು, ಒಬ್ಬನ ಹಳೆಯ ಸಿಟ್ಟಿನ ದಯೆಯಿಂದ.

ಶುಕ್ರವಾರ ಎಲ್ಲರಿಗೂ ಪ್ರಶಸ್ತಿಪತ್ರ ಕೊಟ್ಟು ಕಳಿಸಿದರು. ಕೋಣೆಯ ಮಾತು ಗಂಡನಿಗೂ ಹೇಳುವಂತಿಲ್ಲ, ಹೇಳಿದರೆ ಜೈಲು ಎಂದು ಪ್ರಮಾಣ ಮಾಡಿದ್ದರಿಂದ ವೆಲ್ಮಾ ತನ್ನ ಸಂತೋಷವನ್ನು ಒಬ್ಬಳೇ ಅನುಭವಿಸಿದಳು.

ಮೂರು ವಾರಕ್ಕೆ ಪತ್ರಿಕೆಯಲ್ಲಿ ಡೆಲ್ಫಿನ್ ರೋರ್ಕಳ ಫೋಟೋ ಬಂತು. ಹೊಸ ಗ್ರ್ಯಾಂಡ್ ಜ್ಯೂರಿ ಮೊಕದ್ದಮೆಗೆ ಅಪ್ಪಣೆ ಕೊಟ್ಟಿತ್ತು. ವೆಲ್ಮಾ ಕೋರ್ಟಿಗೆ ಓಡಿ ಓಡೆಲ್‌ನನ್ನು ಮೆಟ್ಟಿಲ ಮೇಲೆ ಹಿಡಿದಳು.

“ನಾವು ಬೇಡ ಅಂದಿದ್ವಲ್ಲ!”

“ನೀವು ಬೇಡ ಅಂದ್ರಿ, ಇವರು ಬೇಕು ಅಂದ್ರು. ಮತ್ತೆ ಕೇಳೋಕೆ ಕಾನೂನಲ್ಲಿ ಅವಕಾಶ ಇದೆ.”

“ಅಂಗಡಿ ವಿಷಯ ಹೇಳಿದ್ರಾ?”

“ಯಾರೂ ಕೇಳ್ಲಿಲ್ಲವಲ್ಲ ಮೇಡಂ.” ಅವನು ತುಂಬ ಮರ್ಯಾದೆಯಿಂದ ಹೇಳಿದ. “ಹಾಂ, ನಿಮ್ಮ ಪ್ರಮಾಣ ಮಾತ್ರ ಮರೀಬೇಡಿ.”

ವೆಲ್ಮಾ ಮೆಟ್ಟಿಲಿಳಿದು ಹೊರಟಳು. ಬಸ್ಸಿನಲ್ಲಿ ತುಂಟಾಟ ಮಾಡುವ ಹುಡುಗರನ್ನಾದರೆ ಇಳಿಸಿಬಿಡಬಹುದಿತ್ತು.

ಆ ತಿಂಗಳ ಕೊನೆಯಲ್ಲಿ ಹೆದ್ದಾರಿ ಪಕ್ಕದ ಹೋಟೆಲಿನಲ್ಲಿ ಅವಳಿಗೆ ಕಾಫಿ ಸುರಿದವಳ ಎದೆಯ ಮೇಲೆ ಡೆಲ್ಫಿನ್ ಎಂಬ ಬಿಲ್ಲೆ ಇತ್ತು. ವೆಲ್ಮಾ ದಿಟ್ಟಿಸಿಯೇ ದಿಟ್ಟಿಸಿದಳು.

“ಪೇಪರಲ್ಲಿ ನೋಡಿದ್ರಾ ಅಮ್ಮ? ಹೌದು, ನಾನೇ ಆ ಕಳ್ಳಿ,” ಎಂದಳು ಹುಡುಗಿ. “ಅಂಗಡಿಯವರೇ ಅರ್ಧ ಕೊಟ್ರು ಅಂತ ಬಾಯಿ ಬಡ್ಕೊಂಡೆ, ಪೊಲೀಸರು ಬರ್ಕೊಳ್ಳಲೇ ಇಲ್ಲ. ಹೋಗ್ಲಿ, ಒಳಗೆ ಒಂಬತ್ತು ಜನ ಕೂತಿದ್ರಂತಲ್ಲ, ಒಬ್ರಿಗಾದ್ರೂ ಒಂದು ಪ್ರಶ್ನೆ ಕೇಳೋಕೆ ಬಾಯಿ ಇರಲಿಲ್ವಾ?”

ವೆಲ್ಮಾ ಕಪ್ಪನ್ನು ಪಕ್ಕಕ್ಕೆ ಸರಿಸಿದಳು.

“ಕೂತ್ಕೋ ಮಗಳೇ. ನಿನ್ನ ವಕೀಲರಿಗೆ ಹೇಳೋಕೆ ಒಂದು ಕಾಗದ ತಗೋ, ಬರ್ಕೋ. ನಿನ್ನ ಕೇಸು ಎರಡು ಸಲ ಒಳಗೆ ಹೋಗಿತ್ತು. ಮೊದಲನೇ ಸಲ ನಾನಿದ್ದೆ.”

ಎರಡು ತಿಂಗಳು ಆ ಕೋಣೆಯಲ್ಲಿ ಕೂತರೂ ವೆಲ್ಮಾ ಕಣ್ಣಾರೆ ಕಂಡ ಅಪರಾಧ ಇದೊಂದೇ. ಮಾಡುತ್ತಿದ್ದವಳೂ ಅವಳೇ.